ಒಡೆದ ಹೆಂಚು ಎಸೀಬೇಡ

ರಾತ್ರಿ ಎರಡು ಗಂಟೆ ಇರಬೇಕು. ಮೊದಲು ಬರೀ ಗಾಳಿಯ ಸದ್ದಿತ್ತು. ಆಮೇಲೆ ಹೆಂಚುಗಳು ಒಂದೊಂದಾಗಿ ಕಳಚಿ ಅಂಗಳಕ್ಕೆ ಬೀಳತೊಡಗಿದವು. ಹತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಅಮ್ಮನ ಕೋಣೆಗೆ ಓಡಿ ಹೋಗಿ ನೋಡಿದರೆ ಮಂಚದ ಮೇಲೆ ಆಕಾಶ ಕಾಣುತ್ತಿತ್ತು. ನಾನೂ ನನ್ನ ಗಂಡನೂ ಹಾಸಿಗೆ ಎಳೆದುಕೊಂಡು ಬಂದು ನಡುಮನೆಯಲ್ಲಿ ಹಾಕಿದೆವು. ಬೆಳಗಾಗುವವರೆಗೆ ಬಕೆಟ್ ತುಂಬುವುದು, ಸುರಿಯುವುದು, ಮತ್ತೆ ಇಡುವುದು. ಅಷ್ಟೇ ಕೆಲಸ.

ಬೆಳಕು ಹರಿದಾಗ ನಾನು ಮಾಡಲು ಹೊರಟ ಮೊದಲ ಕೆಲಸ ಗುಡಿಸುವುದು. ಅಂಗಳ ತುಂಬ ಹೆಂಚಿನ ಚೂರು, ಅಮ್ಮ ಬರಿಗಾಲಲ್ಲಿ ಓಡಾಡುವವಳು. ಅಷ್ಟರಲ್ಲಿ ಅಕ್ಕ ಫೋನ್ ಮಾಡಿದಳು. ಅವಳು ಹಿಂದೆ ಕೆಲವು ವರ್ಷ ವಿಮೆ ಕಚೇರಿಯಲ್ಲಿ ಕೆಲಸ ಮಾಡಿದವಳು. ‘ಕಸಬರಿಗೆ ಕೆಳಗಿಡು. ಮೊದಲು ಫೋಟೊ ತೆಗಿ. ಒಂದು ಚೂರನ್ನೂ ಎಸೀಬೇಡ’ ಅಂದಳು. ನನಗೆ ಸಿಟ್ಟೇ ಬಂತು. ಮನೆಯೊಳಗೆ ನೀರು ನಿಂತಿದೆ, ಇವಳಿಗೆ ಫೋಟೊ ಚಿಂತೆ! ಆದರೂ ಅವಳು ಹೇಳಿದ ಹಾಗೇ ಮಾಡಿದೆ. ದೂರದಿಂದ ಇಡೀ ಮನೆ, ಆಮೇಲೆ ಛಾವಣಿಯ ಒಂದೊಂದು ಮಗ್ಗುಲು, ಒಳಗಿನಿಂದ ಕಾಣುವ ತೂತುಗಳು, ನೆಂದ ಗೋಡೆ, ಒದ್ದೆ ಹಾಸಿಗೆ, ಕೆಟ್ಟುಹೋದ ಟಿವಿ. ಬಿದ್ದ ಹೆಂಚುಗಳ ಫೋಟೊವನ್ನೂ ಅವು ಬಿದ್ದಲ್ಲೇ ತೆಗೆದೆ. ಅದಾದ ಮೇಲೆ ಎಲ್ಲವನ್ನೂ ಗುಡ್ಡೆ ಮಾಡಿ ಕಾಂಪೌಂಡಿನ ಮೂಲೆಗೆ ಹಾಕಿದೆವು.

ಮನೆಗೆ ವಿಮೆ ಮಾಡಿಸಿದ್ದ ಕಂಪನಿಗೆ ಫೋನ್ ಮಾಡಿದಾಗ ಕ್ಲೇಮ್ ನಂಬರ್ ಕೊಟ್ಟು, ಹಾನಿ ನೋಡಿ ಲೆಕ್ಕ ಹಾಕುವ ಸರ್ವೇಯರ್ ಬರುತ್ತಾರೆ ಅಂದರು. ಯಾವತ್ತು ಅಂತ ಹೇಳಲಿಲ್ಲ. ಅಲ್ಲಿಯವರೆಗೆ ಛಾವಣಿ ಮುಟ್ಟಬಾರದೇನೋ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಪಾಲಿಸಿಯ ಕಾಗದ ಪೂರ್ತಿ ಓದಿದೆ, ಕೊಂಡ ಮೇಲೆ ಮೊದಲ ಸಲ. ಹಾನಿ ಇನ್ನೂ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ ಅಂತ ಅದರಲ್ಲೇ ಬರೆದಿತ್ತು. ಟಾರ್ಪಾಲು ಹೊದಿಸದೆ ಬಿಟ್ಟು, ಮರುದಿನದ ಮಳೆಗೆ ಗೋಡೆ ಹಾಳಾದರೆ ಆ ನಷ್ಟ ನಮ್ಮ ತಲೆಗೇ ಬರಬಹುದು. ಹಾಗಾಗಿ ಅದೇ ಮಧ್ಯಾಹ್ನ ಟಾರ್ಪಾಲು ಕಟ್ಟಿಸಿದೆವು, ಬಿಲ್ಲು ಜೋಪಾನ ಮಾಡಿದೆವು. ಆಮೇಲೆ ಆ ಖರ್ಚೂ ಕ್ಲೇಮ್‌ನಲ್ಲಿ ಸೇರಿತು.

ಆರನೇ ದಿನ ಸರ್ವೇಯರ್ ಬಂದರು. ಗಡಿಬಿಡಿಯ ಮನುಷ್ಯ ಇರುತ್ತಾರೆ, ಹತ್ತು ನಿಮಿಷದಲ್ಲಿ ಹೊರಡುತ್ತಾರೆ ಅಂತ ಹೆದರಿದ್ದೆ. ಅವರು ಎರಡು ಗಂಟೆ ಇದ್ದರು. ಏಣಿ ಹತ್ತಿ ಟಾರ್ಪಾಲು ಸರಿಸಿ ನೋಡಿದರು. ‘ನೋಡಿ ಮೇಡಂ, ನಡುವಿನ ಹೆಂಚು ಹೆಚ್ಚು ಹೋಗಿಲ್ಲ. ಅಂಚು, ಮೂಲೆ, ನೆತ್ತಿ, ಇಲ್ಲೇ ಹೋಗಿರುವುದು. ಗಾಳಿಯದೇ ಕೆಲಸ’ ಅಂದರು. ಗಾಳಿ ಛಾವಣಿಯನ್ನು ತಳ್ಳುತ್ತದೆ ಅಂತ ನಾನು ತಿಳಿದಿದ್ದೆ. ಜಾಸ್ತಿ ಹಾನಿ ಮಾಡುವುದು ಅದು ಮೇಲಕ್ಕೆ ಸೆಳೆಯುವುದರಿಂದ ಅಂತೆ. ಅಂಚನ್ನು ದಾಟಿ ಹಾಯುವಾಗ ಮೇಲ್ಗಡೆ ಒತ್ತಡ ಕಡಿಮೆಯಾಗಿ ಹೆಂಚು ಏಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ನಾಲ್ಕರಷ್ಟಾಗುತ್ತದೆ ಅಂತಲೂ ಹೇಳಿದರು. ಆ ರಾತ್ರಿ ಸುಮಾರು ಹೊತ್ತು ಸುಮ್ನೆ ಬೀಸುತ್ತಿದ್ದ ಗಾಳಿ ಒಂದೇ ಸಲಕ್ಕೆ ಮನೆ ಕಿತ್ತುಕೊಂಡು ಹೋಗುವಂತೆ ಆದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಆಮೇಲೆ ಅವರು ಕೇಳಿದ್ದು ಒಡೆದ ಹೆಂಚು ಎಲ್ಲಿ ಅಂತ. ಗುಡ್ಡೆ ತೋರಿಸಿದೆ. ಒಂದೊಂದೇ ಚೂರು ಎತ್ತಿ ಒಡೆದ ಅಂಚು ನೋಡಿದರು. ಹೊಸದಾಗಿ ಒಡೆದ ಕಡೆ ಕೆಂಪು ತಿಳಿಯಾಗಿ ಕಾಣುತ್ತದೆ. ಹಳೆಯ ಬಿರುಕಿನಲ್ಲಿ ಪಾಚಿ, ಕಪ್ಪು ಕೂತಿರುತ್ತದೆ. ಕ್ಲೇಮ್‌ನ ಜೀವ ಇಲ್ಲಿತ್ತು. ಬಿರುಗಾಳಿಯಿಂದಾದ ಹಾನಿಗೆ ವಿಮೆ ಇದೆ, ವರ್ಷಗಳ ಸವಕಳಿಗೆ ಇಲ್ಲ. ಆ ಗುಡ್ಡೆಯನ್ನು ನಾನು ಅವತ್ತೇ ಗಾಡಿಗೆ ತುಂಬಿಸಿ ಕಳಿಸಿದ್ದರೆ, ಗಾಳಿಯೋ ಹಳತೋ ಅಂತ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಒಂದು ಕಡೆ ಅವರು ಹೇಳಿದ್ದೇ ಸರಿ. ಹಿಂದಿನ ಕೋಣೆಯ ಸೂರಿನ ಕಲೆಯನ್ನೂ ನಾನು ಪಟ್ಟಿಗೆ ಸೇರಿಸಿದ್ದೆ. ಅವರು ಟಾರ್ಚ್ ಬಿಟ್ಟು ತೋರಿಸಿದರು. ಉಂಗುರದೊಳಗೆ ಉಂಗುರ. ಒಂದೇ ಸಲ ನೆಂದ ಕಡೆ ಹಾಗಾಗುವುದಿಲ್ಲ, ಹಲವು ಮಳೆಗಾಲ ನೆಂದು ಒಣಗಿದ್ದರ ಗುರುತು ಅದು. ಅಲ್ಲಿ ಸೋರುತ್ತದೆ ಅಂತ ಅಮ್ಮ ಹಿಂದೆಯೇ ಹೇಳಿದ್ದು ನೆನಪಾಯಿತು. ಅದನ್ನು ಪಟ್ಟಿಯಿಂದ ತೆಗೆಯಿರಿ ಅಂತ ನಾನೇ ಹೇಳಿದೆ.

ಗಾಳಿಗೂ ಒಂದು ದಾಖಲೆ ಬೇಕಿತ್ತು. ಹತ್ತಿರದ ಹವಾಮಾನ ಕೇಂದ್ರದ ಅಂಕಿ ತರಿಸಿದೆವು. ಆ ರಾತ್ರಿ ಗಂಟೆಗೆ 80 ಕಿಲೋಮೀಟರ್ ದಾಟಿತ್ತು. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ ಗಾಳಿಯ ಬಲಕ್ಕೆ ಒಂದು ಮಾಪನ ಮಾಡಿದ್ದ. ಈಗ ಅದರಲ್ಲಿ 75ರಿಂದ 88 ಕಿಲೋಮೀಟರ್ ವೇಗದ ಗಾಳಿಗೆ 9ನೇ ಸ್ಥಾನ. ಛಾವಣಿಯ ಹೆಂಚು ಹಾರಲು ಶುರುವಾಗುವುದು ಈ ಹಂತದಲ್ಲೇ. ನಮ್ಮ ಅಂಗಳದ ಲೆಕ್ಕವೂ ಅದನ್ನೇ ಹೇಳುತ್ತಿತ್ತು.

ಮೂರು ವಾರದ ಮೇಲೆ ಪತ್ರ ಬಂತು. ಹೆಂಚಿಗೆ, ಟಾರ್ಪಾಲಿಗೆ, ಒಳಗಿನ ಸಾಮಾನಿಗೆ ಒಪ್ಪಿದ್ದರು. ಹೆಂಚು ಹೊರುವ ಮರದ ಪಕಾಸಿಗಳು ಮುರಿದಿದ್ದಕ್ಕೆ ಒಪ್ಪಿರಲಿಲ್ಲ. ಮರ ಮೊದಲೇ ಕೊಳೆತಿತ್ತು ಅಂತ ಬರೆದಿದ್ದರು. ಇದು ನಿಜವಲ್ಲ ಅಂತ ನನಗೆ ಗೊತ್ತಿತ್ತು, ಆದರೆ ತೋರಿಸುವುದು ಹೇಗೆ? ಆಮೇಲೆ ಹೊಳೆಯಿತು. ಎರಡು ವರ್ಷದ ಹಿಂದೆ ಛಾವಣಿ ರಿಪೇರಿ ಮಾಡಿಸಿದಾಗ ಹೆಂಚು ತೆಗೆದಿದ್ದಾಗಿನ ಒಂದು ಫೋಟೊ ಗಂಡನ ಹಳೆಯ ಫೋನಿನಲ್ಲಿತ್ತು. ಪಕಾಸಿಗಳು ಗಟ್ಟಿಯಾಗಿ, ಬಣ್ಣ ಹೊಡೆದು ನಿಂತಿದ್ದವು. ಆ ಫೋಟೊ, ಬಡಗಿಯ ಬಿಲ್ಲು, ಜೊತೆಗೆ ಒಂದು ಪತ್ರ ಕಳಿಸಿದೆ. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ. ಎಲ್ಲಿ ಯಾವ ತುಂಡು ಮುರಿದಿದೆ, ಯಾವ ಫೋಟೊದಲ್ಲಿ ಕಾಣುತ್ತದೆ, ಅಷ್ಟೇ. ಮತ್ತೊಮ್ಮೆ ಪರಿಶೀಲಿಸಿ ಒಪ್ಪಿಕೊಂಡರು.

ಒಂದು ಪೆಟ್ಟು ಮಾತ್ರ ಉಳಿಯಿತು. ಮನೆ ಕೊಂಡಾಗ ಮಾಡಿಸಿದ ವಿಮೆಯ ಮೊತ್ತವನ್ನು ನಾವು ಆಮೇಲೆ ಏರಿಸಿರಲಿಲ್ಲ. ಅಷ್ಟರಲ್ಲಿ ಕಟ್ಟುವ ಖರ್ಚು ಎಷ್ಟೋ ಮೇಲೆ ಹೋಗಿತ್ತು. ನಮ್ಮಂಥ ಪಾಲಿಸಿಯಲ್ಲಿ 100ರ ಮನೆಗೆ 70ಕ್ಕೆ ವಿಮೆ ಇದ್ದರೆ, 10ರ ನಷ್ಟಕ್ಕೂ 7 ಮಾತ್ರ ಕೊಡುತ್ತಾರೆ. ಪೂರ್ತಿ ಮನೆ ಬಿದ್ದರೆ ಮಾತ್ರ ಈ ಲೆಕ್ಕ ಅಂದುಕೊಂಡಿದ್ದೆ. ಹಾಗಲ್ಲ, ಸಣ್ಣ ನಷ್ಟಕ್ಕೂ ಅದೇ. ಅದರ ಮೇಲೆ, ಪ್ರತಿ ಕ್ಲೇಮ್‌ನಲ್ಲಿ ಮೊದಲ ಒಂದು ಪಾಲು ನಾವೇ ಹಾಕಿಕೊಳ್ಳಬೇಕು. ಪಾಲಿಸಿ ಮಾರುವಾಗ ಈ ಎರಡು ಮಾತನ್ನು ಎದುರು ಕೂತು ಬಿಡಿಸಿ ಹೇಳಬೇಕು, ಅಲ್ವಾ? ನಮಗೆ ಯಾರೂ ಹೇಳಿರಲಿಲ್ಲ. ಇದರ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಹೊಸ ಪಕಾಸಿ ಕೂರಿಸಿ, ಹೆಂಚು ಹೊದಿಸಿ ಮುಗಿದ ದಿನ ಅಮ್ಮ ತನ್ನ ಕೋಣೆಗೆ ವಾಪಸು ಹೋದಳು. ಪಾಲಿಸಿಯ ಮೊತ್ತವನ್ನು ಈಗಿನ ಖರ್ಚಿಗೆ ಸರಿಯಾಗಿ ಏರಿಸಿದೆವು. ಸಂಜೆ ನಾನು ಏಣಿ ಹತ್ತಿ ಛಾವಣಿಯ ನಾಲ್ಕೂ ಮಗ್ಗುಲಿನ ಫೋಟೊ ತೆಗೆದೆ. ಅಕ್ಕನಿಗೂ ಕಳಿಸಿದೆ. ‘ಒಳಗಿಂದ ತೆಗೆದಿಲ್ವಾ?’ ಅಂತ ಕೇಳಿದಳು. ಇಳಿದು ಬಂದು ಅದನ್ನೂ ತೆಗೆದೆ.