ನೂರು ಪುಟದ ಸ್ಪೆಲ್‌ಬುಕ್: ಹೌಸ್ ರೂಲ್ ಈಗ ಎಲ್ಲಿಗೆ ಬಂದಿದೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವುದು ಮೇಜಿನ ಸುತ್ತ ಕೂತು, ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ. ಅದರಲ್ಲಿ ವಿಜರ್ಡ್ ಅಂದರೆ ಮಂತ್ರವಾದಿ ಪಾತ್ರ, ಸ್ಪೆಲ್‌ಬುಕ್ ಅಂದರೆ ಅವನು ಮಂತ್ರ ಬರೆದಿಡುವ ಪುಸ್ತಕ. ಆ ಪುಸ್ತಕಕ್ಕೆ ಪುಟದ ಲೆಕ್ಕ ತರುವ ಹೌಸ್ ರೂಲ್, ಅಂದರೆ ನಮ್ಮ ಮೇಜಿಗೆ ನಾವೇ ಮಾಡಿಕೊಳ್ಳುವ ರೂಲ್, ಒಂದು ಹಂತಕ್ಕೆ ಬಂದಿದೆ. ಮೂಲ ರೂಲ್ ಗಟ್ಟಿಯಾಗಿದೆ. ಪುಸ್ತಕಕ್ಕೆ ಬೆಂಕಿ, ನೀರು ತಗುಲಿದಾಗಿನ ರೂಲನ್ನು ಪೂರ್ತಿ ಬದಲಾಯಿಸಿದ್ದೇನೆ. ಶತ್ರುವಿನ ಪುಸ್ತಕ ಕೈಗೆ ಸಿಕ್ಕಾಗ ಏನು ಅನ್ನುವ ಭಾಗ ಅರ್ಧಕ್ಕೆ ನಿಂತಿದೆ, ಆದರೆ ನನಗೆ ಜಾಸ್ತಿ ಖುಷಿ ಕೊಡುತ್ತಿರುವುದು ಅದೇ.

ನಾವು ಆಡುವುದು ಆಟದ ಐದನೇ ಆವೃತ್ತಿ, 2014ರ ರೂಲ್‌ಗಳು. ಅಲ್ಲಿ ಸ್ಪೆಲ್‌ಬುಕ್ ಅಂದರೆ ಚರ್ಮದ ರಟ್ಟಿನೊಳಗೆ 100 ಖಾಲಿ ಪುಟ, ತೂಕ 3 ಪೌಂಡ್, ಬೆಲೆ 50 ಚಿನ್ನದ ನಾಣ್ಯ. ನೂರು ಪುಟ ಅಂತ ಹೇಳುತ್ತಾರೆ, ಆದರೆ ಒಂದು ಮಂತ್ರ ಎಷ್ಟು ಪುಟ ತಿನ್ನುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಪುಸ್ತಕ ತುಂಬುವುದೇ ಇಲ್ಲ. ಹೊಸ ಮಂತ್ರ ಸಿಕ್ಕಿತಾ, ಮಂತ್ರದ ಒಂದೊಂದು ಲೆವೆಲ್‌ಗೆ (ಮಂತ್ರ ಎಷ್ಟು ದೊಡ್ಡದು ಅನ್ನುವ ಅಳತೆ) 2 ಗಂಟೆ, 50 ನಾಣ್ಯ ಕೊಟ್ಟು ಬರೆದುಕೊಂಡರೆ ಮುಗಿಯಿತು. 2024ರ ಹೊಸ ಪುಸ್ತಕದಲ್ಲೂ ಈ ದರ ಹಾಗೇ ಇದೆ. ಸ್ವಲ್ಪ ಆಟ ಮುಂದೆ ಹೋದ ಮೇಲೆ ದುಡ್ಡು ಯಾರಿಗೂ ಕಷ್ಟವಾಗುವುದಿಲ್ಲ. ಆಮೇಲೆ ಎಲ್ಲ ವಿಜರ್ಡ್‌ಗಳ ಪುಸ್ತಕವೂ ಒಂದೇ ಥರ ಕಾಣಲು ಶುರುವಾಗುತ್ತದೆ.

ನನಗೆ ಬೇಕಿದ್ದದ್ದು ಬೇರೆ. ಪುಸ್ತಕ ತೆರೆದು ನೋಡಿದರೆ ಇದು ಯಾರ ಪುಸ್ತಕ ಅಂತ ಗೊತ್ತಾಗಬೇಕು. ಅದಕ್ಕೆ ಏನನ್ನಾದರೂ ಬಿಡಬೇಕಾದ ಕಷ್ಟ ಬರಬೇಕು. ಜಾಗ ಸಾಲದಿದ್ದಾಗ ಮಾತ್ರ ಆ ಕಷ್ಟ ಬರುತ್ತದೆ.

ಪುಟದ ಲೆಕ್ಕ

ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಮೂರು ದಾರಿ ಇದ್ದವು. 1989ರ ಎರಡನೇ ಆವೃತ್ತಿಯಲ್ಲಿ ಮಂತ್ರದ ಲೆವೆಲ್‌ಗೆ ಒಂದು ಡಿ6 (ಆರು ಮುಖದ ಡೈಸ್) ಹಾಕಿ ಬಂದದ್ದನ್ನು ಕೂಡಿಸಿ 1 ಕಳೆಯುತ್ತಿದ್ದರು. ಅಂದರೆ ಮೂರನೇ ಲೆವೆಲ್ಲಿನ ಬೆಂಕಿಯ ಮಂತ್ರ ಫೈರ್‌ಬಾಲ್ ಒಬ್ಬನಿಗೆ 3 ಪುಟ, ಇನ್ನೊಬ್ಬನಿಗೆ 8 ಪುಟ. 2000ದ ಮೂರನೇ ಆವೃತ್ತಿಯಲ್ಲಿ ಲೆವೆಲ್‌ಗೆ ಎರಡು ಪುಟ. 2003ರಲ್ಲಿ ಅದನ್ನೇ ತಿದ್ದಿ ಲೆವೆಲ್‌ಗೆ ಒಂದು ಪುಟ ಮಾಡಿದರು.

ಡಿ6 ದಾರಿ ನನಗೆ ತುಂಬ ಇಷ್ಟ. ಒಬ್ಬೊಬ್ಬರ ಕೈಬರಹ ಒಂದೊಂದು ಥರ ಅನ್ನುವುದು ಅದರಲ್ಲಿ ತಾನಾಗೇ ಬರುತ್ತದೆ. ಆದರೆ ಬರೆಯುವ ಮೊದಲೇ ಎಷ್ಟು ಜಾಗ ಬೇಕು ಅಂತ ಆಟಗಾರರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅಲ್ಲಿ ಆಯ್ಕೆ ಇಲ್ಲ, ಬರೀ ಅದೃಷ್ಟ. ಹಾಗಾಗಿ ಅದನ್ನು ಬಿಟ್ಟೆ.

ಉಳಿದ ಎರಡಕ್ಕೂ ಕೂತು ಲೆಕ್ಕ ಹಾಕಿದೆ. ಮಂತ್ರಕ್ಕೆ ಇರುವ ಹಾಗೆ ವಿಜರ್ಡ್‌ಗೂ ತನ್ನದೇ ಲೆವೆಲ್ ಇದೆ, ಎರಡೂ ಬೇರೆ. ತನ್ನ ಮೊದಲ ಲೆವೆಲ್‌ನಲ್ಲಿ ಅವನು ಮೊದಲ ಲೆವೆಲ್ಲಿನ ಆರು ಮಂತ್ರಗಳಿಂದ ಶುರು ಮಾಡುತ್ತಾನೆ. ಆಮೇಲೆ ಪ್ರತಿ ಲೆವೆಲ್‌ಗೆ ಎರಡು ಪುಕ್ಕಟೆ. ಪ್ರತಿ ಸಲ ಕೈಗೆ ಎಟುಕುವ ಅತಿ ದೊಡ್ಡ ಮಂತ್ರವನ್ನೇ ಆರಿಸಿದ ಅಂದುಕೊಳ್ಳೋಣ. ಮಂತ್ರದ ಲೆವೆಲ್‌ಗೆ ಒಂದು ಪುಟ ಹಿಡಿದರೆ ವಿಜರ್ಡ್‌ನ 4ನೇ ಲೆವೆಲ್ ಮುಗಿಯುವಾಗ 16 ಪುಟ, 8ಕ್ಕೆ 44, 10ಕ್ಕೆ 64, 12ಕ್ಕೆ 88. 13ನೇ ಲೆವೆಲ್‌ನಲ್ಲಿ ಏಳನೇ ಲೆವೆಲ್ಲಿನ ಒಂದು ಮಂತ್ರ ಬರೆದರೆ 95 ಆಗುತ್ತದೆ, ಎರಡನೆಯದಕ್ಕೆ ಜಾಗವೇ ಇಲ್ಲ. ಎರಡು ಪುಟ ಹಿಡಿದರೆ ಇದೇ ಗೋಡೆ 9ನೇ ಲೆವೆಲ್‌ನಲ್ಲೇ ಎದುರಾಗುತ್ತದೆ.

ಇದು ಪುಕ್ಕಟೆ ಮಂತ್ರಗಳ ಲೆಕ್ಕ ಮಾತ್ರ. ದಾರಿಯಲ್ಲಿ ಸಿಕ್ಕಿದ್ದನ್ನೂ ಬರೆದುಕೊಳ್ಳುವವರಿಗೆ ಪುಸ್ತಕ ಇನ್ನೂ ಬೇಗ ತುಂಬುತ್ತದೆ. ಅದಕ್ಕೇ ಲೆವೆಲ್‌ಗೆ ಒಂದು ಪುಟ ಅಂತ ಇಟ್ಟುಕೊಂಡೆ. ನಮ್ಮ ಆಟ 8, 9ನೇ ಲೆವೆಲ್ ಹತ್ತಿರ ಬಂದಾಗ ಒತ್ತಡ ಕಾಣಿಸಲು ಶುರುವಾಗುತ್ತದೆ, ಉಸಿರು ಕಟ್ಟುವುದಿಲ್ಲ. ಕ್ಯಾಂಟ್ರಿಪ್‌ಗಳು, ಅಂದರೆ ಎಷ್ಟು ಸಲ ಬೇಕಾದರೂ ಮಾಡಬಹುದಾದ ಚಿಕ್ಕ ಮಂತ್ರಗಳು, ಪುಸ್ತಕದಲ್ಲಿ ಇರುವುದೇ ಇಲ್ಲ, ಅವಕ್ಕೆ ಪುಟವೂ ಇಲ್ಲ.

ಇದರ ಮೇಲೆ ನಾನು ಸೇರಿಸಿದ್ದು ಒಂದೇ: ರಿಚುಯಲ್ ಆಗಿ ಮಾಡಬಹುದಾದ ಮಂತ್ರಕ್ಕೆ ಒಂದು ಪುಟ ಹೆಚ್ಚು. ಐದನೇ ಆವೃತ್ತಿಯಲ್ಲಿ ವಿಜರ್ಡ್‌ಗೆ ಸಿಗುವ ದೊಡ್ಡ ಅನುಕೂಲ ಇದು. ಮಂತ್ರ ಪುಸ್ತಕದಲ್ಲಿದ್ದರೆ ಸಾಕು, ಪ್ರಿಪೇರ್ ಮಾಡಿರಬೇಕಿಲ್ಲ (ಪುಸ್ತಕ ನೋಡಿ ಮೊದಲೇ ತಲೆಯಲ್ಲಿ ಸಿದ್ಧ ಮಾಡಿಟ್ಟುಕೊಳ್ಳುವುದಕ್ಕೆ ಪ್ರಿಪೇರ್ ಅನ್ನುತ್ತಾರೆ), 10 ನಿಮಿಷ ಜಾಸ್ತಿ ತೆಗೆದುಕೊಂಡು ರಿಚುಯಲ್ ಆಗಿ ಮಾಡಬಹುದು. ಡಿಟೆಕ್ಟ್ ಮ್ಯಾಜಿಕ್, ಐಡೆಂಟಿಫೈ, ಅಲಾರಂ, ಫೈಂಡ್ ಫ್ಯಾಮಿಲಿಯರ್ ಎಲ್ಲ ಹೀಗೇ. ಇಷ್ಟು ಕೊಡುವ ಪುಟಗಳು ಸ್ವಲ್ಪ ಜಾಗ ಕೇಳಿದರೆ ನ್ಯಾಯವೇ ಅಲ್ವಾ? ನಮ್ಮ ಮೇಜಿನಲ್ಲಿ ಇದಕ್ಕೆ ಯಾರೂ ಬೇಡ ಅನ್ನಲಿಲ್ಲ. ರಿಚುಯಲ್‌ಗಳನ್ನು ಬರೆದುಕೊಳ್ಳುವುದನ್ನೂ ನಿಲ್ಲಿಸಲಿಲ್ಲ, ಆದರೆ ಬರೆಯುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ. ಈ ರೂಲ್ ಉಳಿಯುತ್ತದೆ.

ಎರಡನೇ ಪುಸ್ತಕ

ಇದಕ್ಕೆ ಹೊಸ ರೂಲ್ ಬೇಕಾಗಲಿಲ್ಲ. ತನ್ನದೇ ಪುಸ್ತಕದಿಂದ ಇನ್ನೊಂದಕ್ಕೆ ನಕಲು ಮಾಡಲು ಲೆವೆಲ್‌ಗೆ 1 ಗಂಟೆ, 10 ನಾಣ್ಯ ಅಂತ ಮೊದಲೇ ಇದೆ. 10ನೇ ಲೆವೆಲ್ ವಿಜರ್ಡ್‌ನ, ಲೆವೆಲ್ ಎಲ್ಲ ಕೂಡಿಸಿದರೆ 64 ಆಗುವ ಆ ಮಂತ್ರಗಳನ್ನೆಲ್ಲ ನಕಲು ಮಾಡಲು 64 ಗಂಟೆ, 640 ನಾಣ್ಯ. ದಿನಕ್ಕೆ 8 ಗಂಟೆ ಕೂತರೆ 8 ದಿನ. ಅಷ್ಟು ಬಿಡುವು ಯಾವ ಕಥೆಯೂ ಕೊಡುವುದಿಲ್ಲ. ಹಾಗಾಗಿ ಯಾರೂ ಇಡೀ ಪುಸ್ತಕ ನಕಲು ಮಾಡುವುದಿಲ್ಲ, ಬೇಕಾದ್ದನ್ನು ಆರಿಸುತ್ತಾರೆ. ಪ್ರಯಾಣದ ಪುಸ್ತಕ ಒಂದು, ಮನೆಯಲ್ಲಿ ಭದ್ರವಾಗಿಡುವ ಪುಸ್ತಕ ಒಂದು. ಎರಡನೇ ಆವೃತ್ತಿಯಲ್ಲಿ 50 ಪುಟದ ಪ್ರಯಾಣದ ಪುಸ್ತಕ ಬೇರೆಯೇ ಇತ್ತು. ಆ ಅಳತೆಯನ್ನು ಹಾಗೇ ತಂದಿದ್ದೇನೆ.

ಬೆಂಕಿ ಮತ್ತು ನೀರು

ಮೊದಲ ಕರಡಿನಲ್ಲಿ ಪ್ರತಿ ಪುಟಕ್ಕೂ ಡೈಸ್ ಹಾಕಬೇಕಿತ್ತು. ಮೇಜಿನಲ್ಲಿ ಅದು ತುಂಬ ನಿಧಾನ. ಈಗಿನದು ಹೀಗಿದೆ: ಡಿಎಂ (ಆಟ ನಡೆಸುವವರು) ಒಂದು ಡಿ100, ಅಂದರೆ 1ರಿಂದ 100ರವರೆಗೆ ಬರುವ ಡೈಸ್, ಹಾಕುತ್ತಾರೆ, ಅದು ಪುಟದ ನಂಬರ್. ಆಮೇಲೆ ಒಂದು ಡಿ10, ಅಲ್ಲಿಂದ ಮುಂದೆ ಎಷ್ಟು ಪುಟ ಹೋಯಿತು ಅನ್ನುವುದಕ್ಕೆ. ಒಂದು ಪುಟ ಹೋದರೂ ಆ ಮಂತ್ರವನ್ನು ಪುಸ್ತಕ ನೋಡಿ ಪ್ರಿಪೇರ್ ಮಾಡಲು ಆಗುವುದಿಲ್ಲ.

ಇದು ಕೆಲಸ ಮಾಡಬೇಕಾದರೆ ಯಾವ ಮಂತ್ರ ಯಾವ ಪುಟದಲ್ಲಿದೆ ಅಂತ ಬರೆದಿಟ್ಟಿರಬೇಕು. ಅದಕ್ಕೆ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆದ ಹಾಳೆ) ಜೊತೆ ಒಂದು ಪುಟಪಟ್ಟಿ ಮಾಡಿದೆ. ಇಲ್ಲೇ ನನಗೆ ತುಂಬ ಸಂತೋಷ ಕೊಟ್ಟ ಸಂಗತಿ ನಡೆಯಿತು. ಆಟಗಾರರು ಮಂತ್ರಗಳನ್ನು ಎಲ್ಲಿ ಬರೆಯಬೇಕು ಅಂತ ಚರ್ಚೆ ಶುರು ಮಾಡಿದರು. ಒಬ್ಬರು ರಕ್ಷಣೆಯ ಮಂತ್ರಗಳನ್ನು ಒಂದರ ಪಕ್ಕ ಒಂದು ಇಡದೆ ಪುಸ್ತಕದ ಉದ್ದಕ್ಕೂ ಹರಡಿದರು, ಒಂದೇ ಏಟಿಗೆ ಎಲ್ಲ ಹೋಗಬಾರದು ಅಂತ. ಇನ್ನೊಬ್ಬರು ನಡುವೆ ಖಾಲಿ ಪುಟ ಬಿಡುತ್ತಾ ಹೋದರು. ನಾನು ಹೇಳಿಕೊಟ್ಟದ್ದಲ್ಲ, ರೂಲ್ ಅವರಿಂದ ಮಾಡಿಸಿದ್ದು.

ಈ ರೂಲ್ ಯಾವಾಗ ಬರುತ್ತದೆ ಅನ್ನುವುದನ್ನೂ ಬಿಗಿಯಾಗಿ ಇಟ್ಟಿದ್ದೇನೆ. ಫೈರ್‌ಬಾಲ್ ಸುಡುವುದು ಯಾರೂ ಧರಿಸದ, ಹೊತ್ತುಕೊಳ್ಳದ ವಸ್ತುಗಳನ್ನು ಮಾತ್ರ. ಚೀಲದೊಳಗಿನ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಮೇಜಿನ ಮೇಲೆ ತೆರೆದಿಟ್ಟದ್ದು, ನದಿಗೆ ಬಿದ್ದದ್ದು, ಬೇಕಂತಲೇ ಒಲೆಗೆ ಎಸೆದದ್ದು, ಇಂಥವಕ್ಕೆ ಮಾತ್ರ ಡೈಸ್.

ಪುಸ್ತಕ ಪೂರ್ತಿ ಹೋದರೂ ವಿಜರ್ಡ್ ಬರಿಗೈ ಆಗುವುದಿಲ್ಲ ಅನ್ನುವುದನ್ನು ಆಟಗಾರರಿಗೆ ಮೊದಲೇ ಹೇಳುವುದು ಒಳ್ಳೆಯದು. ಪ್ರಿಪೇರ್ ಮಾಡಿದ್ದು ತಲೆಯಲ್ಲೇ ಇರುತ್ತದೆ, ಅದನ್ನು ನಕಲಿನ ದರದಲ್ಲೇ ಹೊಸ ಪುಸ್ತಕಕ್ಕೆ ಇಳಿಸಬಹುದು. 10ನೇ ಲೆವೆಲ್, ಇಂಟೆಲಿಜೆನ್ಸ್ (ಪಾತ್ರದ ಬುದ್ಧಿಯ ಅಂಕ) 18 ಇದ್ದರೆ 14 ಮಂತ್ರ ಪ್ರಿಪೇರ್ ಆಗಿರುತ್ತವೆ. ಪುಕ್ಕಟೆ ಸಿಕ್ಕ 24ರಲ್ಲಿ 10 ಮಾತ್ರ ಹೋದ ಹಾಗೆ. ಇದು ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ, ಡಿಎಂಗೂ ಪುಸ್ತಕದ ಮೇಲೆ ಕೈ ಹಾಕಲು ಧೈರ್ಯ ಬರುತ್ತದೆ.

ಶತ್ರುವಿನ ಪುಸ್ತಕ

ಸಿಕ್ಕಿದ ಪುಸ್ತಕ ಅರ್ಥ ಮಾಡಿಕೊಳ್ಳಲು ಮೂರನೇ ಆವೃತ್ತಿಯಲ್ಲಿ ಸ್ಪೆಲ್‌ಕ್ರಾಫ್ಟ್ ಚೆಕ್, ಅಂದರೆ ಮಂತ್ರದ ತಿಳಿವಳಿಕೆಗೆ ಹಾಕುವ ಡೈಸ್, ಇತ್ತು. ಅದನ್ನು ನಾನು ತರುತ್ತಿಲ್ಲ. ಕಷ್ಟಪಟ್ಟು ಗೆದ್ದ ಪುಸ್ತಕ ಒಂದು ಕೆಟ್ಟ ಡೈಸ್‌ನಿಂದ ಮುಚ್ಚಿಹೋದರೆ ಆಟಕ್ಕೆ ಏನೂ ಸಿಗುವುದಿಲ್ಲ. ಬದಲಿಗೆ ನಾನು ಮಾಡುತ್ತಿರುವುದು ಇಷ್ಟೇ: ಖಳನ ಪುಸ್ತಕಕ್ಕೂ ಪುಟಪಟ್ಟಿ ಬರೆಯುತ್ತೇನೆ, ಅವನೂ ಅದೇ ನೂರು ಪುಟದಲ್ಲಿ ಆರಿಸಿದ ಅನ್ನುವ ಹಾಗೆ.

ಈಗ ಬರೆಯುತ್ತಿರುವ ಪುಸ್ತಕದ ಮೊದಲ 10 ಪುಟ ಹೀಗಿದೆ. ಅಲಾರಂ (ಯಾರಾದರೂ ಒಳಬಂದರೆ ಎಚ್ಚರಿಸುತ್ತದೆ) 2, ಆರ್ಕೇನ್ ಲಾಕ್ (ಬಾಗಿಲಿಗೆ ಮಂತ್ರದ ಬೀಗ) 2, ಮ್ಯಾಜಿಕ್ ಮೌತ್ (ವಸ್ತುವಿನಿಂದ ಮಾತು ಹೇಳಿಸುತ್ತದೆ) 3, ಗ್ಲಿಫ್ ಆಫ್ ವಾರ್ಡಿಂಗ್ (ಬಲೆಯಂಥ ಮಂತ್ರದ ಗುರುತು) 3. ಒಬ್ಬ ಮನುಷ್ಯ ಕಲಿಯಲು ಶುರು ಮಾಡಿದಾಗಲೇ ಬಾಗಿಲು ಹಾಕಿಕೊಳ್ಳುವುದನ್ನು ಕಲಿತ. ಅವನ ಬಗ್ಗೆ ಬೇರೆ ಏನೂ ಹೇಳದೆ ಈ ಪಟ್ಟಿ ಕೊಟ್ಟರೆ ಸಾಕು. ಅವನು ಯಾರಿಗೆ ಹೆದರುತ್ತಿದ್ದ ಅಂತ ಆಟಗಾರರೇ ಕೇಳುತ್ತಾರೆ.

ಗ್ಲಿಫ್ ಬಗ್ಗೆ ಒಂದು ಮಾತು. ಅದನ್ನು ಪುಸ್ತಕದೊಳಗೇ ಇಡಬಹುದು, ತೆರೆದವರ ಮೇಲೆ ಸಿಡಿಯುತ್ತದೆ. ಆದರೆ ಹಾಕಿದ ಜಾಗದಿಂದ ಪುಸ್ತಕ 10 ಅಡಿಗಿಂತ ದೂರ ಹೋದರೆ ಗ್ಲಿಫ್ ಮುರಿದುಹೋಗುತ್ತದೆ. ಅಂದರೆ ಪ್ರಯಾಣದ ಪುಸ್ತಕಕ್ಕೆ ಈ ಕಾವಲು ಇಲ್ಲ, ಕಪಾಟಿನಲ್ಲಿರುವ ದೊಡ್ಡ ಪುಸ್ತಕಕ್ಕೆ ಮಾತ್ರ. ಬುದ್ಧಿವಂತ ಗುಂಪು ಉದ್ದನೆಯ ಕೋಲಿನಿಂದ ಪುಸ್ತಕವನ್ನು ಎಳೆದುಕೊಂಡರೆ ಗೆದ್ದಂತೆ. ಅದನ್ನು ನಾನು ತಡೆಯುವುದಿಲ್ಲ.

ಇನ್ನೂ ತೀರ್ಮಾನವಾಗದ್ದು ಪುಟ ಕೆರೆದು ಅಳಿಸುವ ವಿಚಾರ. ಸದ್ಯಕ್ಕೆ ಬರೆದ ಪುಟದ ಮೇಲೆ ಮತ್ತೆ ಬರೆಯುವಂತಿಲ್ಲ, ಹರಿಯಬಹುದು ಅಷ್ಟೇ. ಹಳೆಯ, ಚಿಕ್ಕ ಮಂತ್ರಗಳು ಜಾಗ ಹಿಡಿದುಕೊಂಡು ಕೂತಿವೆ ಅಂತ ಆಟಗಾರರು ಕೇಳುತ್ತಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಲೆವೆಲ್‌ಗೆ 2 ಗಂಟೆ ಕೆರೆದರೆ ಪುಟ ಮತ್ತೆ ಖಾಲಿ, ಆದರೆ ಆ ಪುಟ ಒಂದೇ ಸಲ ಕೆರೆಯಬಹುದು ಅನ್ನುವ ರೂಲನ್ನು ಮುಂದಿನ ಆಟದಲ್ಲಿ ಹಾಕಿ ನೋಡುತ್ತೇನೆ. ಅವರ ವಿಜರ್ಡ್ ಈಗ 71ನೇ ಪುಟದಲ್ಲಿದ್ದಾನೆ, ಬಾಗಿಲು ಹಾಕಿಕೊಂಡ ಆ ಖಳನ ಪುಸ್ತಕ ಇನ್ನೂ ಸಿಕ್ಕಿಲ್ಲ.