ಒಂದು ಇಂಚು ಐದು ಸೆಂಟ್: ಜಾಂಗೋ ಆ್ಯಪ್‌ಗೆ ಟೆಸ್ಟ್ ಡೇಟಾ

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಇವತ್ತಿಗೂ ಇಂಚು-ಸೆಂಟಿನಲ್ಲಿ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಈ ಲೆಕ್ಕ ಬರೆದಿಡುವ ಒಂದು ಜಾಂಗೋ ಆ್ಯಪ್ (ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೋಗೆ ಸೇರಿಸುವ ತುಣುಕು) ಇದೆ ಎಂದುಕೊಳ್ಳಿ. ಯಾರು ಬೇಕಾದರೂ ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್‌ನಿಂದ ಇಳಿಸಿಕೊಂಡು ತಮ್ಮ ವೆಬ್‌ಸೈಟಿಗೆ ಸೇರಿಸಿಕೊಳ್ಳುವಂಥದ್ದು. ಹೆಸರು 'ಮಳೆ' ಅಂತಲೇ ಇರಲಿ. ಇಂಥ ಆ್ಯಪ್ ಇನ್ನೊಬ್ಬರ ಮನೆಗೆ ಹೋಗಿ ಇರಬೇಕಾದ ನೆಂಟ. ಅಲ್ಲಿನ ಡೇಟಾಬೇಸ್ ಯಾವುದು, ಯೂಸರ್ ಮಾಡೆಲ್ (ಬಳಕೆದಾರರ ಮಾಹಿತಿ ಇಡುವ ರಚನೆ) ಯಾವುದು, ಜಾಂಗೋ ಆವೃತ್ತಿ ಎಷ್ಟು, ಒಂದೂ ನಮ್ಮ ಕೈಯಲ್ಲಿಲ್ಲ. ಆ್ಯಪ್ ಸರಿಯಿದೆಯೇ ಎಂದು ಪರೀಕ್ಷಿಸಲು ಕೊಡುವ ಮಾದರಿ ಮಾಹಿತಿ, ಅಂದರೆ ಟೆಸ್ಟ್ ಡೇಟಾ, ಕೈಕೊಡುವುದು ಹೆಚ್ಚಾಗಿ ಇದನ್ನು ಮರೆತಾಗಲೇ.

ಸುಲಭದ ದಾರಿ ಎಂದು ಹಲವರು ಹಿಡಿಯುವುದು ಡಂಪ್‌ಡೇಟಾ, ಡೇಟಾಬೇಸಿನ ದಾಖಲೆಗಳನ್ನು ಕಡತಕ್ಕೆ ಇಳಿಸುವ ಜಾಂಗೋ ಆಜ್ಞೆ. ಚಾಲ್ತಿಯಲ್ಲಿರುವ ಡೇಟಾಬೇಸಿನಿಂದ ಒಂದು ಜೇಸನ್ ಫಿಕ್ಸ್ಚರ್ (ದಾಖಲೆಗಳ ಕಡತ) ತೆಗೆದು ಟೆಸ್ಟ್ ಫೋಲ್ಡರಿಗೆ ಹಾಕಿಬಿಡುತ್ತಾರೆ. ಇದನ್ನು ಮಾಡಲೇಬೇಡಿ. ಟೆಸ್ಟಿಗೆ ಬೇಕಾದದ್ದು ಮೂರು ದಾಖಲೆ, ಬಂದು ಬೀಳುವುದು ಐನೂರು. ಅದರಲ್ಲಿ ತೋಟದವರ ಹೆಸರು, ಫೋನ್ ನಂಬರ್ ಸೇರಿಕೊಂಡು ಒಮ್ಮೆ ಕೋಡಿನ ಇತಿಹಾಸ ಕಾಯುವ ಗಿಟ್‌ಗೆ ಹೋಯಿತೆಂದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಹಾಗೇ ಉಳಿದಿರುತ್ತದೆ.

ಫಿಕ್ಸ್ಚರ್‌ಗಳಿಗೆ ಇನ್ನೂ ಒಂದು ಗುಣವಿದೆ. ಅವನ್ನು ಡೇಟಾಬೇಸಿಗೆ ತುಂಬುವ ಲೋಡ್‌ಡೇಟಾ ನಿಮ್ಮ ಮಾಡೆಲಿನ ಸೇವ್ ಮೆಥಡ್ ಅನ್ನು ಕರೆಯುವುದೇ ಇಲ್ಲ. ಇಂಚನ್ನು ಸೆಂಟಾಗಿ ಬದಲಾಯಿಸುವ ಕೋಡ್ ಅಲ್ಲಿದ್ದರೆ ಅದು ಓಡುವುದಿಲ್ಲ. ಆಟೋ-ನೌ-ಆ್ಯಡ್ ಇರುವ ದಿನಾಂಕವೂ ತಾನಾಗಿ ತುಂಬುವುದಿಲ್ಲ, ಫಿಕ್ಸ್ಚರಿನಲ್ಲಿ ಬರೆಯದಿದ್ದರೆ ನಾಟ್-ನಲ್ ದೋಷ (ಖಾಲಿ ಬಿಡುವಂತಿಲ್ಲ ಎಂಬ ದೂರು) ಬರುತ್ತದೆ. ದಾಖಲೆ ಉಳಿದಾಗ ಬೇರೆ ಕೋಡಿಗೆ ಸುದ್ದಿ ಮುಟ್ಟಿಸುವ ಸಿಗ್ನಲ್‌ಗಳು ಮಾತ್ರ ಓಡುತ್ತವೆ, ಜೊತೆಗೆ 'ರಾ' ಎಂಬ ಮೌಲ್ಯ ಟ್ರೂ ಆಗಿ ಬರುತ್ತದೆ. ಆ ಸುದ್ದಿ ಪಡೆಯುವ ನಿಮ್ಮ ಹ್ಯಾಂಡ್ಲರ್ ಅದನ್ನು ನೋಡಿ ಸುಮ್ಮನಾಗಬೇಕು. ಇಲ್ಲದಿದ್ದರೆ ಇನ್ನೂ ಲೋಡ್ ಆಗದ ತೋಟವನ್ನು ಹುಡುಕಲು ಹೋಗಿ ಬೀಳುತ್ತದೆ.

ಹಾಗಾಗಿ ಡೇಟಾವನ್ನು ಕೋಡಿನಲ್ಲೇ ಕಟ್ಟಿ. ಸೆಟಪ್-ಟೆಸ್ಟ್-ಡೇಟಾ ಇಡೀ ಕ್ಲಾಸಿಗೆ ಒಮ್ಮೆ ಓಡುತ್ತದೆ, ಸೆಟಪ್ ಪ್ರತಿ ಟೆಸ್ಟಿಗೂ ಓಡುತ್ತದೆ. ಜಾಂಗೋ 3.2ರಿಂದ ಈಚೆಗೆ, ಮೊದಲನೆಯದರಲ್ಲಿ ಕ್ಲಾಸಿಗೆ ಕಟ್ಟಿದ ಆಬ್ಜೆಕ್ಟಿನ ಬೇರೆ ಬೇರೆ ಪ್ರತಿ ಒಂದೊಂದು ಟೆಸ್ಟಿಗೂ ಸಿಗುತ್ತದೆ. ಒಂದು ಟೆಸ್ಟ್ ತೋಟದ ಹೆಸರು ಬದಲಿಸಿದರೆ ಇನ್ನೊಂದಕ್ಕೆ ತಾಗುವುದಿಲ್ಲ. ದಾಖಲೆಗಳು ಹೆಚ್ಚಾದರೆ ದಾಖಲೆ ತಯಾರಿಸಿಕೊಡುವ ಫ್ಯಾಕ್ಟರಿ-ಬಾಯ್ ಲೈಬ್ರರಿ ಬಳಸಿ. ಆದರೆ ಟೆಸ್ಟ್ ಯಾವ ಮೌಲ್ಯವನ್ನು ಪರೀಕ್ಷಿಸುತ್ತಿದೆಯೋ ಅದನ್ನು ಫ್ಯಾಕ್ಟರಿಯೊಳಗೆ ಬಚ್ಚಿಡದೆ ಟೆಸ್ಟಿನಲ್ಲೇ ಎದ್ದು ಕಾಣುವಂತೆ ಬರೆಯಿರಿ.

ದಾಖಲೆಯ ಗುರುತಿನ ಸಂಖ್ಯೆಯಾದ ಪ್ರೈಮರಿ ಕೀ 1 ಎಂದು ಎಲ್ಲೂ ಬರೆಯಬೇಡಿ. ಪ್ರತಿ ಟೆಸ್ಟಿನ ಬದಲಾವಣೆಗಳು ಕೊನೆಗೆ ರದ್ದಾಗುತ್ತವೆ. ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಹೀಗೆ ಟ್ರಾನ್ಸಾಕ್ಷನ್ ಹಿಂದೆ ಸರಿದಾಗ ಎಣಿಕೆಯೂ ಹಿಂದೆ ಸರಿಯುತ್ತದೆ, ಟೆಸ್ಟ್ ಪಾಸಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಣಿಕೆ (ಸೀಕ್ವೆನ್ಸ್) ಹಿಂದೆ ಸರಿಯುವುದಿಲ್ಲ. ಅಲ್ಲಿ ಮೊದಲ ಟೆಸ್ಟಿನ ತೋಟ 1 ಆದರೆ ಎರಡನೆಯದರಲ್ಲಿ 2. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಸಿರು, ಬಳಸುವವರಲ್ಲಿ ಕೆಂಪು. ಬೇರೆ ಬೇರೆ ಪರಿಸರಗಳಲ್ಲಿ ಟೆಸ್ಟ್ ಓಡಿಸುವ ಟಾಕ್ಸ್‌ನಲ್ಲಿ ಎರಡೂ ಡೇಟಾಬೇಸ್‌ಗಳಿಗೆ ಒಂದೊಂದು ಓಟ ಇರಲೇಬೇಕು. ಯೂಸರ್ ವಿಷಯವೂ ಹೀಗೇ: ಗೆಟ್-ಯೂಸರ್-ಮಾಡೆಲ್‌ನಿಂದಲೇ ಪಡೆಯಿರಿ, ಬೇರೆ ಯೂಸರ್ ಮಾಡೆಲ್ ಇರುವ ಸೆಟ್ಟಿಂಗ್ಸ್ ಕಡತವೊಂದನ್ನು ಇಟ್ಟುಕೊಂಡು ಅದರ ಮೇಲೂ ಓಡಿಸಿ.

ತಾಲ್ಲೂಕುಗಳ ಪಟ್ಟಿಯನ್ನು ಡೇಟಾ ಮೈಗ್ರೇಷನ್‌ನಿಂದ (ಡೇಟಾಬೇಸಿನ ರಚನೆಯನ್ನೂ ಮಾಹಿತಿಯನ್ನೂ ಬದಲಿಸುವ ಕಡತದಿಂದ) ತುಂಬುವ ಆ್ಯಪ್‌ಗಳಲ್ಲಿ ಒಂದು ವಿಚಿತ್ರ ಕಾಣಿಸುತ್ತದೆ. ಮೊದಲ ಟ್ರಾನ್ಸಾಕ್ಷನ್-ಟೆಸ್ಟ್-ಕೇಸ್ ಪಾಸು, ಮುಂದಿನದು ಫೇಲು. ಈ ಬಗೆಯ ಟೆಸ್ಟ್ ಮುಗಿದಾಗ ಕೋಷ್ಟಕಗಳೆಲ್ಲ ಖಾಲಿಯಾಗುತ್ತವೆ, ಮೈಗ್ರೇಷನ್ ತುಂಬಿದ ಕಡೂರು, ತರೀಕೆರೆಗಳೂ ಅದರ ಜೊತೆ ಹೋಗುತ್ತವೆ. ಸೀರಿಯಲೈಸ್ಡ್-ರೋಲ್‌ಬ್ಯಾಕ್ ಅನ್ನು ಟ್ರೂ ಮಾಡಿದರೆ ಅವು ವಾಪಸ್ ಬರುತ್ತವೆ, ಓಟ ನಿಧಾನವಾಗುತ್ತದೆ. ನನ್ನ ಆಯ್ಕೆ ಬೇರೆ: ಆ ತಾಲ್ಲೂಕುಗಳನ್ನು ಟೆಸ್ಟ್ ತಾನೇ ಸೃಷ್ಟಿಸಿಕೊಳ್ಳಲಿ.

ಟೆಸ್ಟಿಗೆಂದೇ ಬರೆದ ಚಿಕ್ಕ ಆ್ಯಪ್‌ನ ಮಾಡೆಲ್ 'ಮಳೆ'ಯ ಮಾಡೆಲಿಗೆ ಫಾರಿನ್ ಕೀ (ಇನ್ನೊಂದು ಕೋಷ್ಟಕಕ್ಕೆ ಕೊಂಡಿ) ಇಟ್ಟಿದ್ದರೆ ಆ ಚಿಕ್ಕ ಆ್ಯಪ್‌ಗೂ ಮೈಗ್ರೇಷನ್ ಬರೆಯಿರಿ. ಮೈಗ್ರೇಷನ್ ಇಲ್ಲದ ಆ್ಯಪ್‌ಗಳ ಕೋಷ್ಟಕಗಳು ಮೊದಲು ತಯಾರಾಗುತ್ತವೆ. ಆಗ ಅದು ತೋರಿಸುವ ಕೋಷ್ಟಕ ಇನ್ನೂ ಹುಟ್ಟಿರುವುದಿಲ್ಲ.

ಇನ್ನು ಮೌಲ್ಯಗಳ ಆಯ್ಕೆ. ಟೆಸ್ಟ್ ಡೇಟಾದ ಜೀವ ಇರುವುದೇ ಇಲ್ಲಿ. '1.5' ಎಂದು ಬರೆದಿದ್ದರೆ ಅದು ಒಂದೂವರೆ ಇಂಚೋ, ಒಂದು ಇಂಚು ಐದು ಸೆಂಟೋ? ಮೊದಲನೆಯದು 38.1 ಮಿ.ಮೀ., ಎರಡನೆಯದು 26.67 ಮಿ.ಮೀ. ಎರಡೂ ಬೇರೆ ಬೇರೆ ಟೆಸ್ಟ್ ಆಗಬೇಕು. ಜೊತೆಗೆ 0, 1, 99, 100 ಮತ್ತು 105 ಸೆಂಟ್. ಮಿಲಿಮೀಟರನ್ನು ಎರಡು ದಶಾಂಶಕ್ಕೆ ಸುತ್ತಿ ಇಟ್ಟರೆ 3 ಸೆಂಟ್ 0.76 ಆಗುತ್ತದೆ, ತಿರುಗಿ ಸೆಂಟಿಗೆ ತಂದರೆ 2.99. ಅದಕ್ಕೇ ಸೆಂಟನ್ನು ಪೂರ್ಣಾಂಕವಾಗಿ ಇಡುವುದು ಒಳ್ಳೆಯದು. ಸೊನ್ನೆಯೂ ನಲ್ಲೂ ಬೇರೆ: ಒಂದು, ಮಳೆ ಬರಲಿಲ್ಲ, ಇನ್ನೊಂದು, ಅಳೆಯಲಿಲ್ಲ. ಎರಡನ್ನೂ ಒಂದೇ ಮಾಡಿದರೆ ತಿಂಗಳ ಸರಾಸರಿ ಕೆಡುತ್ತದೆ.

ಸಮಯಕ್ಕೆ ನಡುಮಧ್ಯಾಹ್ನ ಇಟ್ಟರೆ ಯಾವ ತಪ್ಪೂ ಸಿಗದು. ಜೂನ್ 15 ಶುರುವಾಗಿ ಕಾಲು ಗಂಟೆ, ರಾತ್ರಿ 12:15 ಇಡಿ. ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ) ಅದು ಜೂನ್ 14ರ ಸಂಜೆ 6:45. ದಿನಾಂಕವನ್ನು, ಸ್ಥಳೀಯ ದಿನ ಹೇಳುವ ಲೋಕಲ್‌ಡೇಟ್‌ನಿಂದ ತೆಗೆಯದ ಕೋಡ್ ಅಲ್ಲಿ ಸಿಕ್ಕಿಬೀಳುತ್ತದೆ.

ಊರ ಹೆಸರುಗಳನ್ನು ಕನ್ನಡದಲ್ಲೇ ಇಡಿ. ಹೆಸರಿನಿಂದ ವೆಬ್ ವಿಳಾಸದ ತುಣುಕು (ಸ್ಲಗ್) ಮಾಡುವ ಜಾಂಗೋದ ಸ್ಲಗಿಫೈಗೆ ಯುನಿಕೋಡ್ ಅನುಮತಿ ಕೊಡದೆ 'ಮೂಡಿಗೆರೆ' ಹಾಕಿದರೆ ಖಾಲಿ ಸ್ಟ್ರಿಂಗ್ ಬರುತ್ತದೆ, ಒಂದಕ್ಷರವೂ ಉಳಿಯುವುದಿಲ್ಲ. ಅನುಮತಿ ಕೊಟ್ಟರೆ 'ಮಡಗರ'. ಪೈಥಾನ್ ಗುಣಿತ ಚಿಹ್ನೆಗಳನ್ನೂ ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆಯನ್ನೂ (್) ಅಕ್ಷರವೆಂದು ಎಣಿಸುವುದಿಲ್ಲ, ಸ್ಲಗಿಫೈ ಅವನ್ನು ಉದುರಿಸಿಬಿಡುತ್ತದೆ. ಕಾಡು, ಕೋಡಿ ಎರಡೂ 'ಕಡ' ಆಗುತ್ತವೆ, ಸ್ಲಗ್ ಯುನೀಕ್ ಎಂದಿದ್ದರೆ ಎರಡನೆಯದು ದೋಷ ಕೊಡುತ್ತದೆ. 'ಕೊಪ್ಪ'ವನ್ನು ಎರಡು ರೂಪದಲ್ಲಿ ಇಡಿ: ಒತ್ವವನ್ನು (ೊ) ಒಂದೇ ಸಂಕೇತವಾಗಿ ಬರೆದಾಗ ಐದು ಕೋಡ್ ಪಾಯಿಂಟ್ (ಯುನಿಕೋಡ್ ಸಂಕೇತ), ಬಿಡಿಸಿ ಬರೆದಾಗ ಆರು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಉಳಿಸುವ ಮುನ್ನ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರಬೇಕು.

ಬಿಡುಗಡೆಗೆ ಮುಂಚೆ ಮೇಕ್‌ಮೈಗ್ರೇಷನ್ಸ್ ಅನ್ನು ಚೆಕ್ ಆಯ್ಕೆಯೊಂದಿಗೆ ಓಡಿಸಿ, ಬರೆಯದೆ ಉಳಿದ ಮೈಗ್ರೇಷನ್ ಇದ್ದರೆ ಅದು ಹೇಳುತ್ತದೆ. ಆ್ಯಪ್-ಕಾನ್ಫಿಗ್‌ನಲ್ಲಿ ಪ್ರೈಮರಿ ಕೀಯ ಬಗೆ ಹೇಳುವ ಡೀಫಾಲ್ಟ್-ಆಟೋ-ಫೀಲ್ಡ್ ಬರೆಯದಿದ್ದರೆ ಬಳಸುವವರ ಪ್ರಾಜೆಕ್ಟಿನಲ್ಲಿ ಬೇಡದ ಮೈಗ್ರೇಷನ್ ಹುಟ್ಟಬಹುದು. ಕೊನೆಗೆ ಪಿಪ್ ಇಳಿಸಿಕೊಳ್ಳುವ ವ್ಹೀಲ್ ಕಡತವನ್ನು ಜಿಪ್‌ನಂತೆ ತೆರೆದು ನೋಡಿ. 'ಟೆಸ್ಟ್ಸ್' ಎಂಬ ಫೋಲ್ಡರ್ ಮೇಲ್ಮಟ್ಟದಲ್ಲಿ ಕಂಡರೆ ತಡೆಯಿರಿ. ಅದು ಪ್ಯಾಕೇಜ್‌ಗಳೆಲ್ಲ ಕೂರುವ ಸೈಟ್-ಪ್ಯಾಕೇಜಸ್‌ಗೆ ಹೋಗಿ ಬೇರೆಯವರ ಅದೇ ಹೆಸರಿನ ಫೋಲ್ಡರಿಗೆ ಡಿಕ್ಕಿ ಹೊಡೆಯುತ್ತದೆ. ಪೈಪ್ರಾಜೆಕ್ಟ್ ಕಡತದ ಪ್ಯಾಕೇಜ್ ಹುಡುಕಾಟದಲ್ಲಿ ಆ್ಯಪ್‌ನ ಹೆಸರನ್ನಷ್ಟೇ ಸೇರಿಸಿ, ಮತ್ತೆ ಕಟ್ಟಿ.