ಕೀಬೋರ್ಡ್ ಸಾಕಾ, ಪಿಯಾನೊನೇ ಬೇಕಾ?

ನಾನು ಮುಂಬೈಯ ಮುಲುಂಡಿನಲ್ಲಿ ಪಿಯಾನೊ ಪಾಠ ಹೇಳುತ್ತೇನೆ ಅಂತ ಗೊತ್ತಾದ ಕೂಡಲೇ ನಮ್ಮ ಕನ್ನಡದವರು ಫೀಸು ಕೇಳುವ ಮೊದಲೇ ಕೇಳುವುದು ಇದನ್ನು: "ಮನೇಲಿ ಒಂದು ಕೀಬೋರ್ಡ್ ಇದೆ, ಅದರಲ್ಲೇ ಕಲಿಬಹುದಲ್ವಾ?" ಕನ್ನಡ ಸಂಘದ ಕಾರ್ಯಕ್ರಮದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು, ಎಲ್ಲ ಕಡೆ ಇದೇ. ನನ್ನ ಉತ್ತರ: ಮೊದಲ ಮೂರ್ನಾಲ್ಕು ತಿಂಗಳು ನಡೆಯುತ್ತದೆ. ಆಮೇಲೆ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಪಿಯಾನೊದ ಕೀ ಒತ್ತಿದರೆ ಒಳಗೆ ಫೆಲ್ಟ್ (ಉಣ್ಣೆಯ ದಪ್ಪ ಬಟ್ಟೆ) ಸುತ್ತಿದ ಒಂದು ಪುಟ್ಟ ಸುತ್ತಿಗೆ ಮೇಲೆದ್ದು ತಂತಿಗೆ ಬಡಿದು ತಕ್ಷಣ ಹಿಂದಕ್ಕೆ ಬೀಳುತ್ತದೆ. ನೀವು ಎಷ್ಟು ವೇಗವಾಗಿ ಒತ್ತುತ್ತೀರೋ ಸದ್ದು ಅಷ್ಟು ಜೋರು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಸಾಧಿಸಿದ್ದು ಇದನ್ನೇ. ಅದಕ್ಕೂ ಮುಂಚೆ ಇದ್ದ ಹಾರ್ಪ್ಸಿಕಾರ್ಡಿನಲ್ಲಿ ಕೀ ತಂತಿಯನ್ನು ಮೀಟುತ್ತಿತ್ತು, ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಅಂದರೆ ಟಚ್ ಸೆನ್ಸಿಟಿವ್ ಅಲ್ಲದ, ಹೇಗೆ ಒತ್ತಿದರೂ ಒಂದೇ ಸದ್ದು ಕೊಡುವ ಅಗ್ಗದ ಕೀಬೋರ್ಡ್ ತಂದ ಅಪ್ಪ ಅಮ್ಮ ಮಗುವನ್ನು ಕ್ರಿಸ್ಟೊಫೊರಿಗಿಂತ ಹಿಂದಕ್ಕೆ ಕಳಿಸಿದ ಹಾಗೇ ಆಯಿತು!

ಟಚ್ ಸೆನ್ಸಿಟಿವ್ ಇದ್ದರೂ ತೊಂದರೆ ಪೂರ್ತಿ ಹೋಗುವುದಿಲ್ಲ. ಆ ಕೀಗಳ ಕೆಳಗೆ ಇರುವುದು ಸ್ಪ್ರಿಂಗ್, ತೂಕವಲ್ಲ. ಅದರಲ್ಲೇ ವರ್ಷಗಟ್ಟಲೆ ನುಡಿಸಿದ ಮಕ್ಕಳನ್ನು ನಿಜವಾದ ಪಿಯಾನೊ ಮುಂದೆ ಕೂರಿಸಿದರೆ ಕಿರುಬೆರಳು, ಉಂಗುರ ಬೆರಳು ಕೈಕೊಡುತ್ತವೆ. ಐದು ಸ್ವರ ನುಡಿಸಿದರೆ ಮೂರು ಕೇಳುತ್ತದೆ, ಎರಡು ಮಾಯ. ಮಗು ಕೀಬೋರ್ಡಿನಲ್ಲಿ ಸರಿಯಾಗಿಯೇ ನುಡಿಸುತ್ತಿತ್ತು, ಬೆರಳಿಗೆ ಭಾರ ಹಾಕುವ ಅಭ್ಯಾಸ ಮಾತ್ರ ಆಗಿರಲಿಲ್ಲ.

ಇನ್ನೊಂದು ವಿಷಯಕ್ಕೆ ನನಗೆ ಜಾಸ್ತಿ ಸಿಟ್ಟು: ಆ ರಿದಮ್ ಬಟನ್. ಒಂದು ಒತ್ತಿದರೆ ಡ್ರಮ್ಸ್, ಬೇಸ್ ಎಲ್ಲ ತಾನಾಗಿ ಬರುತ್ತದೆ, ಎಡಗೈ ಸುಮ್ನೆ ಒಂದು ಕಾರ್ಡ್ (chord, ಒಟ್ಟಿಗೆ ಒತ್ತುವ ಕೆಲವು ಸ್ವರ) ಹಿಡಿದು ಕೂತಿರುತ್ತದೆ. ಸಂಘದ ವೇದಿಕೆಯಲ್ಲಿ ಭರ್ಜರಿ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಪಿಯಾನೊದಲ್ಲಿ ಎಡಗೈಗೆ ಅದರದೇ ಹಾಡು ಇರುತ್ತದೆ, ಬಲಗೈಗೆ ಇನ್ನೊಂದು. ಸಂಗೀತ ಪರೀಕ್ಷೆ ನಡೆಸುವ ಲಂಡನ್ನಿನ ಟ್ರಿನಿಟಿ ಕಾಲೇಜಿನವರು ಪಿಯಾನೊಗೂ ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಬೇರೆ ಬೇರೆ ಪರೀಕ್ಷೆ ಇಟ್ಟಿದ್ದಾರೆ. ಎರಡೂ ಬೇರೆ ವಾದ್ಯ ಅಂತ ಅವರೇ ಒಪ್ಪಿದ ಮೇಲೆ ನನ್ನ ಹತ್ತಿರ ವಾದ ಯಾಕೆ, ಅಲ್ವಾ?

ಹಾಗಾದರೆ ದೊಡ್ಡ ಪಿಯಾನೊ ತರಬೇಕಾ? ಬೇಡ. ಗೋಡೆಗೆ ಒರಗಿಸಿ ಇಡುವ ಅಪ್‌ರೈಟ್ ಕೂಡ ಸುಮಾರು 200 ಕೆಜಿ ತೂಗುತ್ತದೆ, ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ಅದು ಹೊಂದುವುದು ಕಷ್ಟ. ಮೇಲಾಗಿ ಮುಂಬೈ ಮಳೆ. ಜೂನ್ ಬಂತೆಂದರೆ ಮರ ತೇವ ಹೀರಿ ಉಬ್ಬುತ್ತದೆ, ಕೀಗಳು ಸಿಕ್ಕಿಕೊಳ್ಳುತ್ತವೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಏರುಪೇರಾಗುತ್ತದೆ. ವರ್ಷಕ್ಕೆ ಎರಡು ಸಲವಾದರೂ ಟ್ಯೂನರ್ ಬರಬೇಕು. ಬಾಂದ್ರಾ ಕಡೆಯ ಹಳೆ ಮನೆಗಳಿಂದ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡುವವರು ಒಮ್ಮೆ ಟ್ಯೂನರನ್ನು ಕರೆದುಕೊಂಡು ಹೋಗಿ. ತಂತಿ ಸುತ್ತುವ ಪಿನ್ನುಗಳು ಸಡಿಲವಾಗಿದ್ದರೆ ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲುವುದಿಲ್ಲ, ರಿಪೇರಿಗೆ ಪಿಯಾನೊಗಿಂತ ಹೆಚ್ಚು ದುಡ್ಡು ಬೇಕು.

ನಾನು ಹೇಳುವುದು 88 ಕೀ ಇರುವ, ವೆಯ್ಟೆಡ್ ಹ್ಯಾಮರ್ ಆಕ್ಷನ್ (ಒತ್ತಿದರೆ ಸುತ್ತಿಗೆ ಎತ್ತಿದಂತೆ ಭಾರ ಅನಿಸುವ ಕೀಗಳು) ಇರುವ ಡಿಜಿಟಲ್ ಪಿಯಾನೊ. ಎಡಗಡೆ ಕೀ ಸ್ವಲ್ಪ ಭಾರ, ಬಲಗಡೆ ಹಗುರ, ನಿಜವಾದದ್ದರ ಹಾಗೆಯೇ. ಕೆಲವು 12 ಕೆಜಿಯೂ ತೂಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ಪಕ್ಕದ ಮನೆಯವರು ಬಾಗಿಲು ಬಡಿಯುವುದಿಲ್ಲ. 40-50 ಸಾವಿರ ರೂಪಾಯಿ ಖರ್ಚಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಧೋಬಿ ತಲಾವ್ ಕಡೆ ಸಂಗೀತದ ಅಂಗಡಿಗಳಿವೆ, ಅಲ್ಲಿ ಹೋಗಿ ಕಿರುಬೆರಳಿನಿಂದ ಒತ್ತಿ ನೋಡಿಯೇ ಕೊಳ್ಳಿ. ಫೋಟೋ ನೋಡಿ ಆರ್ಡರ್ ಮಾಡಬೇಡಿ.

ಕರ್ನಾಟಕ ಸಂಗೀತ ಕಲಿತ ಅಮ್ಮಂದಿರು ಇದರ ಜೊತೆ ಇನ್ನೊಂದು ಕೇಳುತ್ತಾರೆ: "ಸರಳೆ ವರಸೆ ಇದರಲ್ಲಿ ಬರುತ್ತಾ?" ಬರುತ್ತದೆ. ಸಿ (C) ಕೀಯನ್ನು ಷಡ್ಜ ಮಾಡಿಕೊಂಡರೆ, ಸರಳೆ ವರಸೆ ಹಾಡುವ ಮಾಯಾಮಾಳವಗೌಳ ರಾಗಕ್ಕೆ ರಿಷಭ, ಧೈವತ ಎರಡು ಮಾತ್ರ ಕಪ್ಪು ಕೀ, ಉಳಿದದ್ದೆಲ್ಲ ಬಿಳಿ. ಗಮಕ ಮಾತ್ರ ಬರುವುದಿಲ್ಲ, ಒಂದು ಕೀಗೂ ಇನ್ನೊಂದಕ್ಕೂ ನಡುವೆ ಜಾರಲು ಜಾಗವೇ ಇಲ್ಲ. ಆದರೂ ಸ್ವರ ಹಾಡಿಕೊಂಡು ನುಡಿಸುವ ಮಕ್ಕಳ ಕಿವಿ ಬೇಗ ತಯಾರಾಗುತ್ತದೆ, ಅದನ್ನು ಬಿಡಿಸಬೇಡಿ.

ಸದ್ಯ ಮನೆಯಲ್ಲಿ 61 ಕೀಯದ್ದು ಇದ್ದರೆ ಇರಲಿ. ರಿದಮ್ ಬಟನ್, ಶ್ರುತಿ ಮೇಲೆ ಕೆಳಗೆ ಮಾಡುವ ಟ್ರಾನ್ಸ್‌ಪೋಸ್ ಬಟನ್ ಎರಡನ್ನೂ ಮುಟ್ಟಬಾರದು, ಅಷ್ಟೇ ಷರತ್ತು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಊಟದ ಟೇಬಲ್ಲಿನ ಮೇಲೆ ಇಟ್ಟರೆ ಮಗುವಿನ ಭುಜ ಕಿವಿಗೆ ಏರುತ್ತದೆ. ಮಗು ಎರಡೂ ಕೈ ಸೇರಿಸಿ ಒಂದು ಪುಟ ನುಡಿಸಲು ಶುರು ಮಾಡಿದ ವಾರವೇ ನಾನು ಫೋನ್ ಮಾಡಿ ಹೇಳುತ್ತೇನೆ, ಆಗ ಅಂಗಡಿಗೆ ಹೋಗಿ. ಸ್ವರ ಉಳಿಸಲು ಕಾಲಲ್ಲಿ ಒತ್ತುವ ಪೆಡಲ್ ಕೊಳ್ಳುವಾಗ ಅದರಡಿಗೆ ಹಾಕಲು ಒಂದು ರಬ್ಬರ್ ಮ್ಯಾಟೂ ತನ್ನಿ. ಇಲ್ಲದಿದ್ದರೆ ಟೈಲ್ಸ್ ನೆಲದಲ್ಲಿ ಪೆಡಲ್ ಜಾರಿ ಜಾರಿ ಸೋಫಾದ ಕೆಳಗೆ ಸೇರಿಕೊಳ್ಳುತ್ತದೆ.